ಒತ್ತಕ್ಷರದ ಹಡಗು

ಬೆಟಗೇರಿಯ ಮಗ್ಗದ ಮನೆಯಿಂದ
ಪುಕ್ಕಟೆ ತಂದ ರಟ್ಟಿನ ಕೊಳವೆ.
ನನ್ನ ಮೇಜಿನ ಮೇಲೆ ನಿಲ್ಲಿಸಿ ಮೈಮೂನಾ ಹೇಳಿದಳು:
"ಇದು ಹೊಸಾದಲ್ಲ ಕಾಕಾ, ಮುನ್ನೂರು ವರ್ಷ ಓಡೇತಿ.
ಎರಡು ಸಲ ಬೆಂಕ್ಯಾಗ ಬಿದ್ದು ಎದ್ದೇತಿ.
ಮಂದಿ ಅದರಾಗ ಹುಟ್ಯಾರ, ಅದರಾಗ ಸತ್ತಾರ.
ಇಳಿಯೂ ಊರು ಇನ್ನೂ ಸಿಕ್ಕಿಲ್ಲ."

ಪ್ರೆಸ್ಸಿನಲ್ಲಿ ಕಾಗದ ಕತ್ತರಿಸುವ ದಾದಾಪೀರನ ಮಗಳು,
ಒಂಬತ್ತನೇ ಇಯತ್ತೆ.
ವಹಿಯ ತುಂಬ ನಕ್ಷೆ: ಇಲ್ಲಿ ನೀರಿನ ತೊಟ್ಟಿ,
ಇಲ್ಲಿ ಜೋಳ ಬೆಳೆಯುವ ಗಾಜಿನ ಕೋಣೆ, ಇಲ್ಲಿ ಸಾಲಿ,
ಇಲ್ಲಿ ಜಗಳಾಡಿದವರು ಹೋಗಿ ಕೂಡುವ ಕಿಟಕಿ.
ಕೊಳವೆಯೋ, ಒಂದು ಮೊಳಕ್ಕೆ ನಾಲ್ಕು ಬೆರಳು ಕಡಿಮೆ.

ಮೂಗಿಗೆ ಬುಗುರಿ, ಮೊಳೆ ಕಿತ್ತು ಉಜ್ಜಿದ್ದು.
ರೆಕ್ಕೆಗೆ ಕೆಟ್ಟ ಲಗ್ನಪತ್ರಿಕೆಗಳು
(ವರನ ಹೆಸರಿನಲ್ಲಿ ತಪ್ಪು, ನನ್ನದೇ)
ಐದೈದು ಅಂಟಿಸಿ ರಾತ್ರಿಯಿಡೀ ಭಾರ ಹೇರಿಟ್ಟದ್ದು.
ಗುಳಿಗೆ ತೆಗೆದ ಪಟ್ಟಿಯ ಗುಳ್ಳೆಗಳು ಕಿಟಕಿ.
ಹೊಲಿಗೆ ಯಂತ್ರದ ಮುರುಕು ಗಾಲಿ
ದೂರದ ನಕ್ಷತ್ರಗಳ ಸುದ್ದಿ ಕೇಳುವ ಕಿವಿ.

ಹೊಂಬಳ ಸರ್ ಸೊಂಟಕ್ಕೆ ದಾರ ಕಟ್ಟಿ
ಅಂಗಳದಲ್ಲಿ ಗರಗರ ತಿರುಗಿಸಿ ನೋಡಿದರು.
ಹಡಗು ಬಾಲ ಮುಂದಾಗಿ ಹಾರಿತು,
ಕಾಲು ಹಿಡಿದ ಕೋಳಿಯ ಹಾಗೆ.
"ಚಂದ ಹೌದು. ಹಿಂದ ಭಾರ.
ಹಾರಿಸಿದರ ತಿರುಗಿ ನಿನ್ನ ಕಡೆನ ಬರತದ."

ಕಿವಿ ಹೋಯಿತು. ಎರಡನೇ ತೊಟ್ಟಿ ಹೋಯಿತು.
ಒಂದೊಂದು ಕಿತ್ತಾಗಲೂ ವಹಿಯಲ್ಲಿ
ಒಂದು ಅಪಘಾತ ಬರೆದಳು,
ಸತ್ತವರ ಲೆಕ್ಕ ಸಮೇತ.

ಆದರೂ ಸಾಲಲಿಲ್ಲ. ಆಗ ನಾನು
ಬುಗುರಿಯ ಹೊಟ್ಟೆ ಕೊರೆದು ಸೀಸ ತುಂಬಿದೆ:
ಮೂವತ್ತೊಂಬತ್ತು ವರ್ಷದ ಜೋಡಣೆಯಲ್ಲಿ
ಒಮ್ಮೆಯೂ ಕೈಗೆ ಬಾರದ ಏಳು ೠ.
ಹಡಗು ಮೂಗು ಮುಂದೆ ಮಾಡಿ ನಡೆಯಿತು.

ಇನ್ನು ಹೆಸರು.
"ಈ ಮಂದಿ ಯಾವ ಅಕ್ಷರ ಬರೀತಾರ ಕಾಕಾ?"
ಕೆಳಗಿನ ಖಾನೆ ಎಳೆದೆ. ದೂಳು, ಇಲಿಹಿಕ್ಕೆ,
ಮತ್ತು ಒತ್ತುಗಳು: ಯ-ಒತ್ತು, ತ-ಒತ್ತು, ಣ-ಒತ್ತು,
ಸದಾ ಯಾರದೋ ಕಾಲ ಕೆಳಗೆ ಬದುಕಿದವು,
ಒಂಟಿಯಾಗಿ ಏನೂ ಹೇಳಲು ಬಾರದವು.
ಮಸಿ ಹಚ್ಚಿ ಒಂದೊಂದೇ ಒತ್ತಿದೆ,
ಕೆಲವು ಅಡ್ಡ, ಕೆಲವು ಬುಡಮೇಲು.
ಅವಳು ಬಹಳ ಹೊತ್ತು ನೋಡಿದಳು.
"ಹೌದು. ದೊಡ್ಡ ಅಕ್ಷರ ಎಲ್ಲಾ ದಾರ್‍ಯಾಗ ಸವದು ಹೋದುವು.
ಇಷ್ಟ ಉಳದಾವ."

ಮುಂಡರಗಿ ರಸ್ತೆ, ಹೆಸರು ಕಿತ್ತ ಎರೆಹೊಲ, ಐತವಾರ.
ಕಪ್ಪತಗುಡ್ಡದ ಕಡೆ ಗಾಳಿಯಂತ್ರಗಳು
ಕೈ ಚಾಚಿ ಸುಮ್ಮನೆ ನಿಂತಿದ್ದವು.
ಪುಣೆಯಿಂದ ಬಂದ ಮೋಟಾರು, ದಾದಾಪೀರನ ಬೈಕಿನ ಬ್ಯಾಟರಿ,
ಹದಿನೈದು ಹೆಜ್ಜೆ ತಂತಿ.
ಹಿಂದುಮುಂದಾಗಿ ಓದುವುದು ನನ್ನ ಕಸುಬು,
ಎಣಿಸಲು ನನಗೇ ಬಿಟ್ಟರು.
ಹತ್ತು, ಒಂಬತ್ತು, ಎಂಟು...
ನಾಲ್ಕಕ್ಕೆ ಗಂಟಲು ಕಟ್ಟಿತು, ಮೂರು ಮರೆತೆ.
"ಒತ್ತು" ಅಂದೆ.

ಇಡೀ ರೀಮು ಒಮ್ಮೆಗೇ ಹರಿದ ಸದ್ದು.
ಕಣ್ಣೆತ್ತುವಷ್ಟರಲ್ಲಿ ಹೊಗೆಯ ಒಂದು ಗೆರೆ,
ಕೊಂಚ ಸೊಟ್ಟ,
ಅದರ ತುದಿಗೆ ಏನೂ ಇಲ್ಲ.
ಆಮೇಲೆ ಪಟ್ ಅಂತ ಬಿಚ್ಚಿತು, ಸೀರೆ ಅಂಗಡಿಯ ಚೀಲ,
ನಿಧಾನ ತೂಗುತ್ತ ಹಳ್ಳದಾಚೆಗೆ.

ನಾವು ಏದುಸಿರಲ್ಲಿ ಮುಟ್ಟುವ ಹೊತ್ತಿಗೆ
ಉಳ್ಳಾಗಡ್ಡಿ ಹೊಲದಲ್ಲಿ ಕಸ ತೆಗೆಯುವಾಕೆ
ಅದನ್ನ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು.
ಒಂದು ರೆಕ್ಕೆ ಮುರಿದು ಅರ್ಧ ವರ ಕಾಣುತ್ತಿದ್ದ.
ಅಕ್ಷರಗಳ ಮೇಲೆ ಬೆರಳಾಡಿಸಿ
"ನಮ್ಮದ ಕಂಡಂಗ ಆಕೇತಿ, ಓದಾಕ ಬರವಲ್ದು" ಅಂದಳು.
ಕಿಟಕಿಗೆ ಕಣ್ಣಿಟ್ಟು,
"ಒಳಗ ಯಾರರ ಅದಾರೇನು?"

ಮೈಮೂನಾ ನಗಲಿಲ್ಲ.
ವಹಿ ತೆಗೆದು, ಲೆಕ್ಕ ಕಳೆದು ಹೇಳಿದಳು:
"ನೂರಾ ಹನ್ನೆರಡು ಮಂದಿ."

"ಅಯ್ಯ, ಅಷ್ಟು ಮಂದಿಗೆ
ಚಾ ಎಲ್ಲಿಂದ ತರಲೇ ಯವ್ವಾ."